ಪೈಪಿನಲ್ಲಿ ಉಳಿದ ಜಲ್ಲಿ, ಮುಂದೆ ಓಡಿದ ನೀರು

ಪ್ರಶ್ನೆ: ಕಳೆದ ತಿಂಗಳು ರಾಜರಾಜೇಶ್ವರಿ ನಗರದಲ್ಲಿ ನಮ್ಮ ಮನೆಯ ಮೊದಲ ಮಹಡಿಗೆ ಮೋಲ್ಡ್ ಹಾಕಿಸಿದೆವು. ರೆಡಿಮಿಕ್ಸ್ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ತಡವಾಗಿ ಬಂತು. ಪಂಪಿನ ಹುಡುಗರು ಮೊದಲು ಒಂದೆರಡು ಚೀಲ ಸಿಮೆಂಟನ್ನು ಹಾಲಿನಂತೆ ಕಲಸಿ ಪೈಪಿಗೆ ಬಿಡಬೇಕು ಎಂದು ಕೇಳಿದರು. ಸುಮ್ಮನೆ ದಂಡ ಎಂದು ಮೇಸ್ತ್ರಿ ಒಪ್ಪಲಿಲ್ಲ. ಕಾಂಕ್ರೀಟ್ ಗಟ್ಟಿಯಾಗಿದೆ ಎಂದು ಲಾರಿಯ ಡ್ರಮ್ಮಿಗೆ ಹೋಸ್ ಪೈಪಿನಿಂದ ನೀರು ಬಿಟ್ಟರು. ಪಂಪ್ ಶುರುವಾದ ಮೇಲೆ ತಾರಸಿಯಲ್ಲಿ ಸ್ವಲ್ಪ ಹೊತ್ತು ಬೂದು ನೀರಿನಂಥದು ಸುರಿಯಿತು, ಆಮೇಲೆ ಎಲ್ಲವೂ ನಿಂತುಹೋಯಿತು. ಎರಡನೆಯ ಬೆಂಡಿನ ಬಳಿ ಕ್ಲ್ಯಾಂಪ್ ಬಿಚ್ಚಿದರೆ ಒಳಗೆ ಬರೀ ಜಲ್ಲಿ. ನಾನು ಬಿ.ಎಸ್‌ಸಿ.ಯಲ್ಲಿ ಭೌತವಿಜ್ಞಾನ ಓದಿದವನು. ದ್ರವ ತೆಳ್ಳಗಾದಷ್ಟೂ ಹರಿವು ಸುಲಭವಾಗಬೇಕಲ್ಲವೇ? ನೀರು ಹಾಕಿದ ಮೇಲೆ ಪೈಪು ಕಟ್ಟಿಕೊಂಡದ್ದು ಹೇಗೆ? ಹರಿಯುವ ದ್ರವದಲ್ಲಿ ಗಟ್ಟಿ ಕಣಗಳು ನಡೆದುಕೊಳ್ಳುವ ರೀತಿಗೆ ನಿಯಮಗಳಿವೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು “ಒಳಗೆ ಬರೀ ಜಲ್ಲಿ” ಎಂಬ ಮಾತಿನ ಮೇಲೆ. ಲಾರಿಯಿಂದ ಇಳಿದದ್ದು ಸಿಮೆಂಟು, ಎಂ-ಸ್ಯಾಂಡ್, ಜಲ್ಲಿ, ನೀರು ಎಲ್ಲ ಬೆರೆತ ಮುದ್ದೆ. ಬೆಂಡಿನಲ್ಲಿ ಸಿಕ್ಕಿದ್ದು ತೊಳೆದಿಟ್ಟಂಥ ಜಲ್ಲಿ. ತಾರಸಿಯ ಮೇಲೆ ಬಿದ್ದದ್ದು ಬೂದು ನೀರು. ಅಂದರೆ ನಿಮ್ಮ ಪೈಪು ಕಾಂಕ್ರೀಟನ್ನು ಸಾಗಿಸಲಿಲ್ಲ, ಸೋಸಿತು. ಕಾಫಿ ಫಿಲ್ಟರಿನ ಮೇಲಿನ ಪಾತ್ರೆಯಲ್ಲಿ ಚರಟ ಉಳಿದು ಡಿಕಾಕ್ಷನ್ ಕೆಳಗಿಳಿಯುತ್ತದಲ್ಲ, ಅದೇ ಕೆಲಸ ಐದು ಇಂಚಿನ ಉಕ್ಕಿನ ಪೈಪಿನಲ್ಲಿ ನಡೆಯಿತು. ಸಾಗಿಸಬೇಕಾದ ಪೈಪು ಸೋಸುವ ಪೈಪಾದದ್ದು ಹೇಗೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು. ಅದಕ್ಕೆ ಉತ್ತರ ಹುಡುಕಲು ಒಂದೇ ಒಂದು ಕಲ್ಲಿನಿಂದ ಶುರು ಮಾಡೋಣ.

ಬಿ.ಎಸ್‌ಸಿ.ಯಲ್ಲಿ ನೀವು ಓದಿದ ಸ್ಟೋಕ್ಸ್ ನಿಯಮ 1851ರದು. ಕೇಂಬ್ರಿಡ್ಜಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಯೋಚಿಸುತ್ತಿದ್ದದ್ದು ಲೋಲಕಗಳ ಬಗ್ಗೆ. ತೂಗುವ ಗುಂಡಿಗೆ ಸುತ್ತಲಿನ ಗಾಳಿ ಎಷ್ಟು ತಡೆ ಒಡ್ಡುತ್ತದೆ ಎಂದು ಲೆಕ್ಕ ಹಾಕಲು ಹೊರಟವರು. ಸಣ್ಣ ಗುಂಡು ನಿಧಾನವಾಗಿ ಚಲಿಸುವಾಗ ತಡೆಯು ಅದರ ತ್ರಿಜ್ಯಕ್ಕೆ, ವೇಗಕ್ಕೆ ಮತ್ತು ದ್ರವದ ಸ್ನಿಗ್ಧತೆಗೆ (ಹರಿಯಲು ಅದು ಒಡ್ಡುವ ತಡೆಗೆ) ಅನುಗುಣವಾಗಿರುತ್ತದೆ ಎಂದು ಅವರು ಕಂಡುಕೊಂಡರು. ಗುಂಡಿನ ತೂಕವಾದರೋ ತ್ರಿಜ್ಯದ ಘನಕ್ಕೆ ಅನುಗುಣ. ಎರಡನ್ನೂ ಸರಿದೂಗಿಸಿದರೆ ಮುಳುಗುವ ವೇಗ ತ್ರಿಜ್ಯದ ವರ್ಗಕ್ಕೆ ಅನುಗುಣವಾಗುತ್ತದೆ. ಕಣ ಹತ್ತು ಪಟ್ಟು ಚಿಕ್ಕದಾದರೆ ವೇಗ ನೂರು ಪಟ್ಟು ಇಳಿಯುತ್ತದೆ.

ಮಳೆಗಾಲದಲ್ಲಿ ನಿಮ್ಮ ಸಂಪಿಗೆ ಕೆಂಪು ನೀರು ನುಗ್ಗಿತು ಎಂದುಕೊಳ್ಳಿ. ಅದರಲ್ಲಿರುವ 0.1 ಮಿಲಿಮೀಟರ್ ಮರಳಿನ ಕಣ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ಇಳಿಯುತ್ತದೆ. ಒಂದು ಮೀಟರ್ ನೀರನ್ನು ದಾಟಲು ಎರಡು ನಿಮಿಷ ಸಾಕು. ಅದೇ ನೀರಿನಲ್ಲಿರುವ, ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗದಷ್ಟು ದಪ್ಪದ ಜೇಡಿಯ ಕಣಕ್ಕೆ ಅಷ್ಟೇ ಆಳ ಇಳಿಯಲು ಮೂರು ದಿನಕ್ಕೂ ಮಿಕ್ಕಿ ಬೇಕು. ಮರಳು ಕೂತ ಮೇಲೂ ಸಂಪು ಕೆಂಪಾಗಿಯೇ ಇರುವುದು, ಪಟಿಕ ಹಾಕಿ ಕಣಗಳನ್ನು ಗುಂಪುಗೂಡಿಸಿದ ಮೇಲೆಯೇ ನೀರು ತಿಳಿಯಾಗುವುದು ಇದರಿಂದಲೇ. ಇನ್ನೊಂದು ತುದಿಗೆ ಹೋಗೋಣ. ಮನೆ ಕಟ್ಟುವ 20 ಮಿಲಿಮೀಟರ್ ಜಲ್ಲಿಯ ಕಲ್ಲೊಂದನ್ನು ಕೊಡಗಿನ ಒಳ್ಳೆಯ ಗಟ್ಟಿ ಜೇನಿಗೆ ಹಾಕಿದರೆ ಅದು ಸೆಕೆಂಡಿಗೆ ಎರಡೂವರೆ ಸೆಂಟಿಮೀಟರಿನಷ್ಟು ಇಳಿಯುತ್ತದೆ. ಜೇನಿನ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಆದರೂ ಕಲ್ಲು ತಳ ಸೇರುವುದು ತಪ್ಪುವುದಿಲ್ಲ.

ಈಗ ಒಂದು ಅನುಮಾನ ಬರಬೇಕು. ಜೇನಿನಲ್ಲೇ ನಿಲ್ಲದ ಕಲ್ಲು ಕಾಂಕ್ರೀಟಿನಲ್ಲಿ ಹೇಗೆ ನಿಂತಿರುತ್ತದೆ? ಲಾರಿ ಬಂದು ಖಾಲಿಯಾಗುವವರೆಗೆ ಡ್ರಮ್ಮು ತಿರುಗುತ್ತಲೇ ಇರುತ್ತದೆ, ಸರಿ. ಆದರೆ ತಾರಸಿಯ ಮೇಲೆ ಹರಡಿದ ಕಾಂಕ್ರೀಟನ್ನು ಯಾರೂ ತಿರುವುತ್ತಿರುವುದಿಲ್ಲ. ಅದು ಗಟ್ಟಿಯಾಗಲು ಗಂಟೆಗಳು ಬೇಕು. ಅಷ್ಟರಲ್ಲಿ ಜಲ್ಲಿಯೆಲ್ಲ ಸೆಂಟ್ರಿಂಗ್ ಹಲಗೆಗೆ ಹೋಗಿ ಕೂತಿರಬೇಕಿತ್ತು.

ಇದಕ್ಕೆ ಉತ್ತರ ಸ್ಟೋಕ್ಸರಲ್ಲಿ ಇಲ್ಲ, ಅಡುಗೆಮನೆಯಲ್ಲಿದೆ. ರವೆ ದೋಸೆ ಹುಯ್ಯುವಾಗ ಪ್ರತಿ ಸಲವೂ ಸೌಟಿನಿಂದ ತಳ ಕೆದಕಿ ತಿರುವಲೇಬೇಕು. ಮರೆತರೆ ಮೊದಲ ದೋಸೆಗಳು ನೀರು ನೀರು, ಕೊನೆಯದು ರವೆಯ ರೊಟ್ಟಿ. ಇಡ್ಲಿ ಹಿಟ್ಟಿಗೆ ಈ ಕಾಟವಿಲ್ಲ. ಅದರಲ್ಲಿರುವುದೂ ರವೆಯೇ, ಅದೂ ದಪ್ಪ ಇಡ್ಲಿ ರವೆ. ಆದರೂ ರಾತ್ರಿಯಿಡೀ ಉಬ್ಬಿದ ಉದ್ದಿನ ಹಿಟ್ಟಿನಲ್ಲಿ ಅದು ನೇತಾಡಿಕೊಂಡಿರುತ್ತದೆ. ರುಬ್ಬಿ ಉಬ್ಬಿದ ಉದ್ದು ಜೇನಿನಂಥ ದ್ರವವಲ್ಲ. ಜೇನಿಗೆ ಎಷ್ಟು ಸಣ್ಣ ನೂಕು ಕೊಟ್ಟರೂ ಅದು ನಿಧಾನವಾಗಿಯಾದರೂ ಹರಿಯುತ್ತದೆ. ಉದ್ದಿನ ಹಿಟ್ಟು ಒಂದು ಮಟ್ಟದ ನೂಕು ಬರುವವರೆಗೆ ಅಲುಗಾಡುವುದೇ ಇಲ್ಲ; ಆ ಮಟ್ಟ ಮೀರಿದಾಗ ಮಾತ್ರ ಹರಿಯುತ್ತದೆ. ಟೂತ್‌ಪೇಸ್ಟು ಬ್ರಷ್ಷಿನ ಮೇಲೆ ಬೆಟ್ಟದಂತೆ ನಿಲ್ಲುವುದು ಹೀಗೆಯೇ. ಈ ಗುಣವನ್ನು ನಾನು “ಬಿಗಿ” ಎಂದು ಕರೆಯುತ್ತೇನೆ. ಪಠ್ಯಪುಸ್ತಕದ ಹೆಸರು ಬೇರೆ ಇದೆ, ಅದು ಯಾರ ಬಾಯಲ್ಲೂ ನಿಲ್ಲುವುದಿಲ್ಲ.

ಸಿಮೆಂಟ್ ಪೇಸ್ಟಿಗೂ ಬಿಗಿಯಿದೆ. ಸಿಮೆಂಟಿನ ಕಣಗಳು ನೀರಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಸಡಿಲವಾದ ಜಾಲ ಹೆಣೆಯುತ್ತವೆ. ಕಲ್ಲು ಕೂರುವುದು ಆ ಜಾಲದ ಮೇಲೆ. ಎಷ್ಟು ಬಿಗಿ ಬೇಕು ಎಂಬುದಕ್ಕೂ ಲೆಕ್ಕವಿದೆ. ಗುಂಡಿನ ವ್ಯಾಸ, ಸುತ್ತಲಿನ ದ್ರವಕ್ಕಿಂತ ಅದಕ್ಕಿರುವ ಹೆಚ್ಚಿನ ಸಾಂದ್ರತೆ ಮತ್ತು ಗುರುತ್ವ ಇವನ್ನು ಗುಣಿಸಿ ಸುಮಾರು 21ರಿಂದ ಭಾಗಿಸಿ. ದ್ರವದ ಬಿಗಿ ಅದಕ್ಕಿಂತ ಹೆಚ್ಚಿದ್ದರೆ ಗುಂಡು ಮುಳುಗುವುದಿಲ್ಲ. ನಿಧಾನವಾಗಿಯೂ ಮುಳುಗುವುದಿಲ್ಲ, ನಿಂತೇ ಇರುತ್ತದೆ. ಸಿಮೆಂಟು ಮರಳು ಕಲಸಿದ ಗಾರೆಯಲ್ಲಿ 20 ಮಿಲಿಮೀಟರ್ ಜಲ್ಲಿಗೆ ಈ ಲೆಕ್ಕ ಹಾಕಿದರೆ ಬರುವುದು ನಾಲ್ಕೈದು ಪ್ಯಾಸ್ಕಲ್. ಅಂಗೈ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ನೀರಿನ ಪದರ ಒತ್ತುವಷ್ಟು, ಅಷ್ಟೇ. ಇಷ್ಟು ಅಲ್ಪ ಬಿಗಿ ಜಲ್ಲಿಯನ್ನು ಗಂಟೆಗಟ್ಟಲೆ ಎತ್ತಿ ಹಿಡಿಯುತ್ತದೆ. ಡ್ರಮ್ಮಿಗೆ ಹೋಸ್ ಪೈಪ್ ಬಿಟ್ಟಾಗ ಮೊದಲು ಸಡಿಲವಾಗುವುದೂ ಇದೇ.

ಇದು ನಿಂತ ಕಾಂಕ್ರೀಟಿನ ಮಾತು. ವೈಬ್ರೇಟರ್ ಆಡಿಸಿದಾಗ ಜಾಲ ಹರಿದು ಬಿಗಿ ಕ್ಷಣಕಾಲ ಇಲ್ಲವಾಗುತ್ತದೆ. ಗಾಳಿ ಮೇಲಕ್ಕೆ ಬರುತ್ತದೆ, ಅದು ಒಳ್ಳೆಯದು. ಒಂದೇ ಕಡೆ ಬಹಳ ಹೊತ್ತು ಆಡಿಸಿದರೆ ಜಲ್ಲಿ ಕೆಳಕ್ಕೆ ಇಳಿಯುತ್ತದೆ, ಅದು ಕೆಟ್ಟದ್ದು.

ನಿಮ್ಮ ಮೂಲ ತರ್ಕಕ್ಕೆ ಬರುತ್ತೇನೆ. ನೀರು ಸೇರಿಸಿದರೆ ದ್ರವ ತೆಳ್ಳಗಾಗುತ್ತದೆ, ಹರಿವು ಸುಲಭವಾಗುತ್ತದೆ ಎಂದಿರಿ. ತಪ್ಪೇನಿಲ್ಲ. ನೀರು ಬಿಟ್ಟ ಮೇಲೆ ಲಾರಿಯಿಂದ ಪಂಪಿನ ತೊಟ್ಟಿಗೆ ಕಾಂಕ್ರೀಟ್ ಸರಾಗವಾಗಿ ಸುರಿದಿರಲೇಬೇಕು. ಮೇಸ್ತ್ರಿ “ನೋಡಿ ಸಾರ್, ಈಗ ಸರಿಹೋಯಿತು” ಎಂದಿದ್ದರೂ ಆಶ್ಚರ್ಯವಿಲ್ಲ. ಆದರೆ ಈ ತರ್ಕ ನಿಲ್ಲುವುದು ಕಣಗಳೂ ದ್ರವವೂ ಜೊತೆಯಾಗಿ ಹೋಗುವವರೆಗೆ ಮಾತ್ರ. ಕಾಂಕ್ರೀಟಿನ ಗಾತ್ರದಲ್ಲಿ ಶೇಕಡಾ 60ರಿಂದ 75ರಷ್ಟು ಮರಳು ಮತ್ತು ಜಲ್ಲಿಯೇ. ಇದು ಕಲ್ಲು ತೇಲುವ ದ್ರವವಲ್ಲ, ಸಂದುಗಳಲ್ಲಿ ದ್ರವ ತುಂಬಿಕೊಂಡ ಕಲ್ಲಿನ ಜಾತ್ರೆ. ಒಬ್ಬನೇ ನಡೆಯುವವನ ನಿಯಮವನ್ನು ಕಡಲೆಕಾಯಿ ಪರಿಷೆಯ ದಿನದ ಬಸವನಗುಡಿಗೆ ಅನ್ವಯಿಸಲಾಗದು.

ಗುಂಪಿನ ಲೆಕ್ಕವನ್ನು ಮೊದಲು ಹಾಕಿದವರಲ್ಲಿ ಐನ್‌ಸ್ಟೈನ್ ಒಬ್ಬರು. ದ್ರವದಲ್ಲಿ ಸಣ್ಣ ಗುಂಡುಗಳನ್ನು ಬೆರೆಸಿದರೆ ಅದರ ಸ್ನಿಗ್ಧತೆ ಎಷ್ಟು ಏರುತ್ತದೆ ಎಂಬುದನ್ನು ಅವರು ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ ಲೆಕ್ಕ ಹಾಕಿ 1906ರಲ್ಲಿ ಪ್ರಕಟಿಸಿದರು. ಪ್ಯಾರಿಸ್ಸಿನಲ್ಲಿ ಬಾನ್ಸಲಿನ್ ಎಂಬುವರು ಅಳೆದು ನೋಡಿದಾಗ ಏರಿಕೆ ಐನ್‌ಸ್ಟೈನ್ ಹೇಳಿದ್ದಕ್ಕಿಂತ ಬಹಳ ಹೆಚ್ಚಿತ್ತು. ಐನ್‌ಸ್ಟೈನ್ ತಮ್ಮ ವಿದ್ಯಾರ್ಥಿ ಲುಡ್‌ವಿಗ್ ಹಾಪ್‌ಗೆ ಲೆಕ್ಕವನ್ನು ತಿರುಗಿ ನೋಡಲು ಹೇಳಿದರು, ತಪ್ಪು ಸಿಕ್ಕಿತು, 1911ರಲ್ಲಿ ತಿದ್ದುಪಡಿ ಬಂತು. ತಿದ್ದಿದ ನಿಯಮ ಇಂದಿಗೂ ನಿಂತಿದೆ: ಗುಂಡುಗಳು ಗಾತ್ರದ ಶೇಕಡಾ 2ರಷ್ಟಿದ್ದರೆ ಸ್ನಿಗ್ಧತೆ ಅದರ ಎರಡೂವರೆ ಪಟ್ಟು, ಎಂದರೆ ಶೇಕಡಾ 5ರಷ್ಟು, ಏರುತ್ತದೆ. ಲೆಕ್ಕದಲ್ಲಿ ಎಡವುವ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ನಾನು ಮೂವತ್ತು ವರ್ಷ ಹೇಳಿದ್ದೇನೆ. ಅವರ ಅಂಕ ಹೆಚ್ಚಲಿಲ್ಲ, ಧೈರ್ಯ ಹೆಚ್ಚಿರಬಹುದು.

ಆದರೆ ಎರಡೂವರೆ ಪಟ್ಟಿನ ಈ ನಿಯಮ ಗುಂಡುಗಳು ಒಂದನ್ನೊಂದು ಕಾಣದಷ್ಟು ದೂರವಿದ್ದಾಗ ಮಾತ್ರ ಸರಿ. ಗಾತ್ರದ ಅರ್ಧದಷ್ಟು ಗುಂಡುಗಳಾದರೆ ಸ್ನಿಗ್ಧತೆ ಹತ್ತು ಇಪ್ಪತ್ತು ಪಟ್ಟು ಏರಿರುತ್ತದೆ. ಒಂದೇ ಅಳತೆಯ ಗುಂಡುಗಳನ್ನು ಡಬ್ಬಿಗೆ ಸುರಿದು ಕುಲುಕಿದರೆ ಅವು ಹೆಚ್ಚೆಂದರೆ ಗಾತ್ರದ ಶೇಕಡಾ 64ರಷ್ಟು ತುಂಬುತ್ತವೆ. ಆ ಅಂಕಿ ಹತ್ತಿರವಾದಂತೆ ಸ್ನಿಗ್ಧತೆ ಮುಗಿಲಿಗೇರಿ ಕೊನೆಗೆ ಹರಿವೇ ನಿಲ್ಲುತ್ತದೆ. ಕಾಂಕ್ರೀಟ್ ಶೇಕಡಾ 70ರಲ್ಲೂ ಹರಿಯುವುದು ಅದರಲ್ಲಿ ಎಲ್ಲ ಅಳತೆಯ ಕಣಗಳೂ ಇರುವುದರಿಂದ. ದೊಡ್ಡ ಜಲ್ಲಿಯ ಸಂದಿಗೆ ಸಣ್ಣ ಜಲ್ಲಿ, ಅದರ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟು. ಈ ಸಾಲಿನಲ್ಲಿ ಒಂದು ಅಳತೆ ಕಡಿಮೆಯಾದರೂ ಸಂದು ತೆರೆದುಕೊಳ್ಳುತ್ತದೆ.

ಗುಂಪಿಗೆ ಇನ್ನೊಂದು ಗುಣವಿದೆ, ಇದು ಸ್ವಲ್ಪ ವಿಚಿತ್ರ. ಗುಂಪಿನಲ್ಲಿರುವ ಕಣಗಳು ಒಂಟಿ ಕಣಕ್ಕಿಂತ ನಿಧಾನವಾಗಿ ಮುಳುಗುತ್ತವೆ. ಪ್ರತಿ ಕಲ್ಲು ಕೆಳಗಿಳಿಯಬೇಕಾದರೆ ಅಷ್ಟೇ ಗಾತ್ರದ ದ್ರವ ಮೇಲೇರಬೇಕು, ಅದು ಏರುವುದು ಉಳಿದ ಕಲ್ಲುಗಳ ಸಂದಿನಲ್ಲೇ. 1954ರಲ್ಲಿ ರಿಚರ್ಡ್‌ಸನ್ ಮತ್ತು ಝಾಕಿ ಕೊಟ್ಟ ಸೂತ್ರದಂತೆ ಕಣಗಳು ಗಾತ್ರದ ಶೇಕಡಾ 40ರಷ್ಟಿದ್ದರೆ ಮುಳುಗುವ ವೇಗ ಒಂಟಿ ಕಣದ ವೇಗದ ಹತ್ತನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಇದರ ಅರ್ಥವನ್ನು ತಿರುಗಿಸಿ ನೋಡಿ: ದಟ್ಟಣೆಯೇ ಕಲ್ಲನ್ನು ಕಾಯುತ್ತದೆ. ನೀರು ಸೇರಿಸಿ ದಟ್ಟಣೆ ಇಳಿಸಿದರೆ ಬಿಗಿಯೂ ಹೋಯಿತು, ಈ ಕಾವಲೂ ಹೋಯಿತು.

ಈಗ ಪೈಪಿನೊಳಗೆ ಇಳಿಯೋಣ. ಪೈಪಿನಲ್ಲಿ ಹರಿಯುವ ದ್ರವ ಗೋಡೆಯ ಬಳಿ ನಿಂತಿರುತ್ತದೆ, ನಡುವೆ ಅತಿ ವೇಗವಾಗಿರುತ್ತದೆ. ಪದರ ಪದರದ ಮೇಲೆ ಜಾರುವ ಈ ಜಾರಾಟ ಗೋಡೆಯ ಬಳಿ ತೀವ್ರ, ನಡುವೆ ಇಲ್ಲವೇ ಇಲ್ಲ. ಅದರಲ್ಲಿ ಕಲ್ಲುಗಳನ್ನು ಬಿಟ್ಟರೆ ಏನಾಗುತ್ತದೆ? ಸಿದ್ಧಾಂತ ಮೊದಲು ಒಂದು ಬೆರಗಿನ ಮಾತು ಹೇಳುತ್ತದೆ: ಬಹಳ ಸ್ನಿಗ್ಧವಾದ ದ್ರವದ ಹರಿವನ್ನು ಹಿಂದಕ್ಕೆ ತಿರುಗಿಸಿದರೆ ಎಲ್ಲವೂ ಬಂದ ದಾರಿಯಲ್ಲೇ ಹಿಂದಿರುಗಬೇಕು. ಜಿ. ಐ. ಟೇಲರ್ 1960ರ ದಶಕದಲ್ಲಿ ವಿದ್ಯಾರ್ಥಿಗಳಿಗಾಗಿ ಇದನ್ನು ಮಾಡಿ ತೋರಿಸಿದರು. ಎರಡು ಸಿಲಿಂಡರುಗಳ ನಡುವಿನ ಗಟ್ಟಿ ದ್ರವದಲ್ಲಿ ಬಣ್ಣದ ಗುರುತಿಟ್ಟು ಒಳ ಸಿಲಿಂಡರನ್ನು ಕೆಲವು ಸುತ್ತು ತಿರುಗಿಸಿದರು. ಬಣ್ಣ ಕದಡಿ ಮಾಯವಾಯಿತು. ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರು. ಬಣ್ಣದ ಗುರುತು ಇದ್ದಲ್ಲಿಗೇ ಮರಳಿ ಬಂತು. ಮೊದಲ ಸಲ ನೋಡಿದ ತರಗತಿ ಯಾವುದೂ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ.

ಕಲ್ಲುಗಳು ಒತ್ತೊತ್ತಾಗಿದ್ದರೆ ಈ ಜಾದು ನಡೆಯುವುದಿಲ್ಲ. 2005ರಲ್ಲಿ ಡೇವಿಡ್ ಪೈನ್ ಮತ್ತು ಸಂಗಡಿಗರು ಇಂಥದೇ ಉಪಕರಣದಲ್ಲಿ ಸಣ್ಣ ಗುಂಡುಗಳನ್ನು ತುಂಬಿ ಹಿಂದಕ್ಕೂ ಮುಂದಕ್ಕೂ ಆಡಿಸಿದರು. ಸ್ವಲ್ಪವೇ ಆಡಿಸಿದರೆ ಗುಂಡುಗಳು ತಮ್ಮ ಜಾಗಕ್ಕೆ ಮರಳುತ್ತವೆ. ಒಂದು ಮಿತಿ ದಾಟಿ ಆಡಿಸಿದರೆ ಮರಳುವುದಿಲ್ಲ. ಗುಂಡು ಗುಂಡಿಗೆ ತಾಗುತ್ತದೆ, ತಾಗಿದಾಗ ಪಕ್ಕಕ್ಕೆ ಸರಿಯುತ್ತದೆ, ಸರಿದದ್ದಕ್ಕೆ ಹಿಂದಿನ ದಾರಿ ನೆನಪಿರುವುದಿಲ್ಲ. ಗೋಡೆಯ ಬಳಿ ಜಾರಾಟ ಹೆಚ್ಚು, ಆದ್ದರಿಂದ ತಾಕಲಾಟವೂ ಹೆಚ್ಚು. ಕಲ್ಲುಗಳು ತಾಕಲಾಟ ಕಡಿಮೆಯಿರುವ ಕಡೆಗೆ, ಎಂದರೆ ಪೈಪಿನ ನಡುವಿಗೆ, ಮೆಲ್ಲಗೆ ಸರಿಯುತ್ತವೆ. ಜಾರಾಟವೇ ಕಣಗಳನ್ನು ಹೀಗೆ ಸಾಲಿನಿಂದ ಸಾಲಿಗೆ ಸರಿಸುತ್ತದೆ ಎಂಬುದನ್ನು ಲೇಟನ್ ಮತ್ತು ಅಕ್ರಿವೋಸ್ 1987ರಲ್ಲಿ ಖಚಿತಪಡಿಸಿದ್ದರು. ಸ್ನಿಗ್ಧತೆ ಅಳೆಯುವ ಉಪಕರಣದ ಓದು ಗಂಟೆಗಳು ಕಳೆದಂತೆ ಇಳಿಯುತ್ತಲೇ ಹೋಗುವುದೇಕೆ ಎಂಬ ಒಗಟಿತ್ತು. ಕಣಗಳು ಅಳೆಯುವ ಸಂದಿನಿಂದಲೇ ಮೆಲ್ಲಗೆ ಜಾರಿಕೊಂಡು ಹೋಗುತ್ತಿದ್ದವು.

(ಕಣಗಳು ವಿರಳವಾಗಿದ್ದು ಹರಿವು ತುಸು ಚುರುಕಾಗಿದ್ದರೆ ಕಥೆ ಬೇರೆ. ಆಗ ಅವು ನಡುವಿಗೂ ಹೋಗುವುದಿಲ್ಲ, ಗೋಡೆಗೂ ಹೋಗುವುದಿಲ್ಲ. ನಡುವಿನಿಂದ ತ್ರಿಜ್ಯದ 0.6 ಭಾಗದಷ್ಟು ದೂರದಲ್ಲಿ ಬಳೆಯಂತೆ ಸಾಲುಗಟ್ಟುತ್ತವೆ. ಸೆಗ್ರೆ ಮತ್ತು ಸಿಲ್ಬರ್‌ಬರ್ಗ್ 1961ರಲ್ಲಿ ಇದನ್ನು ಕಂಡರು. ನಿಮ್ಮ ತಾರಸಿಗೆ ಇದರಿಂದ ಪ್ರಯೋಜನವಿಲ್ಲ, ಆದರೆ ಬರೆಯದೆ ಇರಲು ಮನಸ್ಸಾಗಲಿಲ್ಲ.)

ನಮ್ಮ ಮೈಯಲ್ಲೂ ಕಣಗಳು ನಡುವಿಗೆ ಸರಿಯುವುದುಂಟು. ರಕ್ತದ ಗಾತ್ರದಲ್ಲಿ ಹತ್ತಿರ ಹತ್ತಿರ ಶೇಕಡಾ 45ರಷ್ಟು ಕೆಂಪು ಕಣಗಳು. ಸಣ್ಣ ನಾಳಗಳಲ್ಲಿ ಅವು ನಡುವೆ ಓಡುತ್ತವೆ, ಗೋಡೆಯ ಬಳಿ ತಿಳಿಯಾದ ಪ್ಲಾಸ್ಮಾದ ಪದರ ಉಳಿಯುತ್ತದೆ. ಕಣಗಳು ಮೆತ್ತಗಿರುವುದೂ ಇದಕ್ಕೊಂದು ಕಾರಣ. ಆ ಪದರ ಎಣ್ಣೆ ಸವರಿದಂತೆ ಕೆಲಸ ಮಾಡುತ್ತದೆ. ನಾಳ 0.3 ಮಿಲಿಮೀಟರಿಗಿಂತ ಸಪೂರವಾದಂತೆ ರಕ್ತ ಹೆಚ್ಚು ತೆಳ್ಳಗಿರುವಂತೆ ವರ್ತಿಸುತ್ತದೆ ಎಂದು ಸ್ವೀಡನ್ನಿನ ಫೊರಿಯಸ್ ಮತ್ತು ಲಿಂಡ್‌ಕ್ವಿಸ್ಟ್ 1931ರಲ್ಲಿ ತೋರಿಸಿದರು. ಇಲ್ಲದಿದ್ದರೆ ನಮ್ಮ ಹೃದಯಕ್ಕೆ ಇನ್ನೂ ದೊಡ್ಡ ಪಂಪು ಬೇಕಾಗುತ್ತಿತ್ತು.

ಕಾಂಕ್ರೀಟ್ ಪಂಪು ಬದುಕುವುದು ಇಂಥದೇ ಪದರದ ಮೇಲೆ. ಪೈಪಿನಲ್ಲಿ ಕಾಂಕ್ರೀಟ್ ನೀರಿನಂತೆ ಹರಿಯುವುದಿಲ್ಲ. ನಡುವಿನ ಭಾಗವೆಲ್ಲ ಒಂದೇ ಗಟ್ಟಿ ಹೂರಣದ ಉಂಡೆಯಂತೆ, ಒಳಗೆ ಜಾರಾಟವೇ ಇಲ್ಲದೆ ಸಾಗುತ್ತದೆ. ಜಾರಾಟವೆಲ್ಲ ನಡೆಯುವುದು ಗೋಡೆಗಂಟಿದ ಕೆಲವೇ ಮಿಲಿಮೀಟರ್ ದಪ್ಪದ ಪೇಸ್ಟಿನ ಪದರದಲ್ಲಿ. ಆ ಪದರ ಇದ್ದರೆ ಹತ್ತನೆಯ ಮಹಡಿಗೂ ಹೋಗುತ್ತದೆ, ಇಲ್ಲದಿದ್ದರೆ ಹತ್ತು ಅಡಿಯೂ ಹೋಗುವುದಿಲ್ಲ.

ಪಂಪಿನ ಹುಡುಗರು ಸಿಮೆಂಟ್ ಕೇಳಿದ್ದು ಇದಕ್ಕೇ. ಒಣ ಪೈಪಿಗೆ ನೇರವಾಗಿ ಕಾಂಕ್ರೀಟ್ ನುಗ್ಗಿಸಿದರೆ ಅದರ ಮುಂಭಾಗ ತನ್ನ ಪೇಸ್ಟನ್ನು ಗೋಡೆಗೆ ಬಳಿಯುತ್ತಾ ಹೋಗುತ್ತದೆ. ಇಪ್ಪತ್ತು ಮೀಟರ್ ಗೋಡೆಗೆ ಬಳಿಯುವಷ್ಟರಲ್ಲಿ ಮುಂಭಾಗದಲ್ಲಿ ಉಳಿಯುವುದು ಜಲ್ಲಿ ಮಾತ್ರ. ಸಿಮೆಂಟಿನ ಹಾಲನ್ನು ಮೊದಲೇ ಬಿಟ್ಟರೆ ಆ ಬಳಿಯುವ ಕೆಲಸ ಅದರ ಪಾಲಿಗೆ ಹೋಗುತ್ತದೆ. ದೋಸೆ ಹೆಂಚಿಗೆ ಮೊದಲು ಎಣ್ಣೆ ಸವರುವುದಿಲ್ಲವೇ? ನಿಮ್ಮ ಮೇಸ್ತ್ರಿ ಉಳಿಸಿದ್ದು ಎರಡು ಚೀಲ ಸಿಮೆಂಟಿನ ದುಡ್ಡು. ಆದರೆ ಅವರ ಮೇಲೆ ನನಗೆ ಪೂರ್ತಿ ಸಿಟ್ಟಿಲ್ಲ. ನಾನು ಮನೆ ಕಟ್ಟಿಸಿದಾಗ ಕಾಂಕ್ರೀಟ್ ಮೇಲೇರಿದ್ದು ಬಾಂಡ್ಲಿಯಲ್ಲಿ, ಸಾಲಾಗಿ ನಿಂತ ಹೆಂಗಸರ ಕೈಯಿಂದ ಕೈಗೆ. ಬಾಂಡ್ಲಿಗೆ ಗೋಡೆಯ ಪದರವೂ ಬೇಡ, ಬಿಗಿಯ ಲೆಕ್ಕವೂ ಬೇಡ. ಸ್ವಲ್ಪ ನೀರು ಹೆಚ್ಚಾದರೆ ಹರಡಲು ಸುಲಭ ಎಂದು ಆ ಕಾಲದ ಮೇಸ್ತ್ರಿಗಳು ಕಲಿತರು. ಪಂಪ್ ಬಂತು, ಅಭ್ಯಾಸ ಹೋಗಲಿಲ್ಲ.

ಇನ್ನು ಎರಡನೆಯ ಬೆಂಡಿನಲ್ಲಿ ನಡೆದದ್ದು. ನೀರು ಹೆಚ್ಚಾದ ಪೇಸ್ಟು ಜಲ್ಲಿಯ ಸಂದುಗಳಲ್ಲಿ ಸಲೀಸಾಗಿ ಓಡಬಲ್ಲದು. ಪಂಪು ಹಿಂದಿನಿಂದ ಒತ್ತಿದಾಗ ಅದರ ಮುಂದೆ ಎರಡು ದಾರಿಗಳಿದ್ದವು: ಜಲ್ಲಿಯನ್ನು ಹೊತ್ತುಕೊಂಡು ಹೋಗುವುದು, ಇಲ್ಲವೇ ಜಲ್ಲಿಯನ್ನು ಅಲ್ಲೇ ಬಿಟ್ಟು ಸಂದಿನಲ್ಲಿ ನುಸುಳುವುದು. ಪೇಸ್ಟು ಗಟ್ಟಿಯಾಗಿದ್ದರೆ ನುಸುಳುವುದು ಕಷ್ಟ, ಹೊತ್ತು ಹೋಗುವುದೇ ಸುಲಭ. ತೆಳ್ಳಗಾದರೆ ನುಸುಳುವುದೇ ಸುಲಭ. ನಿಮ್ಮ ಪೇಸ್ಟು ನುಸುಳಿತು. ಹರಿವು ಸುಲಭವಾಗಬೇಕು ಎಂದಿರಲ್ಲ, ಸುಲಭವೇ ಆಯಿತು, ನೀರಿಗೆ. ತಾರಸಿಯಲ್ಲಿ ನೀವು ಕಂಡ ಬೂದು ನೀರು ಅದೇ.

ಹಿಂದೆ ಉಳಿದ ಜಲ್ಲಿ ಬೆಂಡಿನಲ್ಲಿ ಕಲ್ಲಿಗೆ ಕಲ್ಲು ಆತು ಕಮಾನು ಕಟ್ಟಿತು. ದೇವಸ್ಥಾನದ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದಾಗ ಭುಜಕ್ಕೆ ಭುಜ ಆತು ಯಾರೂ ಒಳಹೋಗಲಾಗದಲ್ಲ, ಹಾಗೆ. ಪೈಪಿನ ವ್ಯಾಸ ಕಡೇ ಪಕ್ಷ ಜಲ್ಲಿಯ ಮೂರು ಪಟ್ಟಿರಬೇಕು ಎಂಬ ಕಟ್ಟಡದವರ ನಿಯಮ ಈ ಕಮಾನನ್ನು ತಡೆಯಲೆಂದೇ ಇರುವುದು. ನಿಮ್ಮದು 125 ಮಿಲಿಮೀಟರ್ ಪೈಪು, 20 ಮಿಲಿಮೀಟರ್ ಜಲ್ಲಿ, ಆರು ಪಟ್ಟು, ಅಳತೆಯಲ್ಲಿ ದೋಷವಿಲ್ಲ. ಆದರೆ ಆ ನಿಯಮ ಕಲ್ಲುಗಳ ನಡುವೆ ಪೇಸ್ಟು ಇರುತ್ತದೆ ಎಂದು ನಂಬಿ ಮಾಡಿದ್ದು.

ಕಮಾನು ಕಟ್ಟಿದ ಮೇಲೆ ಪಂಪಿನ ಒತ್ತಡ ಏರಿಸಿರುತ್ತಾರೆ. ಎಲ್ಲರೂ ಹಾಗೆಯೇ ಮಾಡುವುದು. ಆದರೆ ಒತ್ತಿದಷ್ಟೂ ನೀರು ಇನ್ನಷ್ಟು ಹಿಂಡಿ ಹೋಗುತ್ತದೆ, ಕಲ್ಲುಗಳು ಇನ್ನಷ್ಟು ಒತ್ತಾಗುತ್ತವೆ, ಒತ್ತಾದ ಕಲ್ಲುಗಳು ಪಕ್ಕಕ್ಕೆ ಪೈಪಿನ ಗೋಡೆಯನ್ನೂ ಒತ್ತುತ್ತವೆ. ಕಣಜದಲ್ಲಿ ತುಂಬಿದ ಧಾನ್ಯದ ಭಾರವನ್ನು ತಳಕ್ಕಿಂತ ಗೋಡೆಗಳೇ ಹೆಚ್ಚು ಹೊರುತ್ತವೆ ಎಂದು ಯಾನ್ಸೆನ್ ಎಂಬ ಜರ್ಮನ್ ಎಂಜಿನಿಯರ್ 1895ರಲ್ಲೇ ತೋರಿಸಿದ್ದರು. ಆ ಲೆಕ್ಕವನ್ನು ಪೈಪಿಗೆ ಹಾಕಿದರೆ ಫಲ ಭಯಂಕರ: ಒಣ ಜಲ್ಲಿಯ ಉದ್ದ ಎರಡರಷ್ಟಾದರೆ ಅದನ್ನು ನೂಕಲು ಬೇಕಾದ ಬಲ ಎರಡರಷ್ಟಾಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಕೆಲವು ಅಡಿ ಉದ್ದದ ಒಣ ಜಲ್ಲಿಯ ಮುಂದೆ ಯಾವ ಪಂಪೂ ಸೋಲುತ್ತದೆ.

ಹಾಗಾದರೆ ತಡವಾಗಿ ಬಂದ ಗಟ್ಟಿ ಕಾಂಕ್ರೀಟಿಗೆ ಏನು ಮಾಡಬೇಕಿತ್ತು? ಬಿಗಿಯಿಳಿಸಬೇಕು ನಿಜ, ಆದರೆ ನೀರಿನಿಂದಲ್ಲ. ಅಂಟಿಕೊಂಡ ಸಿಮೆಂಟಿನ ಕಣಗಳು ತಮ್ಮ ನಡುವೆ ನೀರನ್ನು ಬಂಧಿಸಿಟ್ಟಿರುತ್ತವೆ. ರೆಡಿಮಿಕ್ಸಿನವರು ಅಡ್‌ಮಿಕ್ಸ್ಚರ್ ಎಂದು ಕರೆಯುವ ರಾಸಾಯನಿಕ ಆ ಕಣಗಳ ಮೈಗೆ ಹತ್ತಿ ಅವನ್ನು ಬಿಡಿಸುತ್ತದೆ, ಬಂಧಿತ ನೀರು ಹೊರಬರುತ್ತದೆ, ಹೊಸ ನೀರು ಬೇಕಾಗುವುದಿಲ್ಲ. ಅದನ್ನು ಹಾಕುವ ಅಳತೆ ಗೊತ್ತಿರುವುದು ಪ್ಲಾಂಟಿನ ತಂತ್ರಜ್ಞರಿಗೆ. ಹಾಕಿದ ಮೇಲೆ ಡ್ರಮ್ಮನ್ನು ಕೆಲವು ನಿಮಿಷ ಜೋರಾಗಿ ತಿರುಗಿಸಬೇಕು. ಅತಿಯಾದರೆ ಅದೂ ನೀರಿನಷ್ಟೇ ಹಾಳು ಮಾಡುತ್ತದೆ. ಕಣಗಳ ಆಕಾರವೂ ಮುಖ್ಯ. ಹೊಳೆ ಮರಳು ಉರುಳಿ ಉರುಳಿ ದುಂಡಗಾಗಿರುತ್ತಿತ್ತು. ನಾವೀಗ ಬಳಸುವ ಎಂ-ಸ್ಯಾಂಡ್ ಕಲ್ಲು ಒಡೆದು ಮಾಡಿದ್ದು, ಮೂಲೆಗಳು ಮಾಸಿರುವುದಿಲ್ಲ. ಚಪ್ಪಟೆ ಕಣ ಹರಿವಿನಲ್ಲಿ ನೆಟ್ಟಗೆ ಹೋಗದೆ ಪಲ್ಟಿ ಹೊಡೆಯುತ್ತಾ ಹೋಗುತ್ತದೆ ಎಂದು ಜೆಫ್ರಿ 1922ರಲ್ಲಿ ಲೆಕ್ಕ ಹಾಕಿದ್ದರು. ಪಲ್ಟಿ ಹೊಡೆಯುವ ಕಣಕ್ಕೆ ದುಂಡು ಕಣಕ್ಕಿಂತ ಹೆಚ್ಚು ಜಾಗ ಬೇಕು. ಹಾರುಬೂದಿ ಇದಕ್ಕೆ ತದ್ವಿರುದ್ಧ. ಉಷ್ಣ ವಿದ್ಯುತ್ ಸ್ಥಾವರದ ಕುಲುಮೆಯಲ್ಲಿ ಕರಗಿದ ಬೂದಿಯ ಹನಿಗಳು ಹಾರುತ್ತಲೇ ತಣಿದು ದುಂಡು ಮಣಿಗಳಾಗುತ್ತವೆ. ಸಿಮೆಂಟಿನ ಒಂದು ಭಾಗದ ಬದಲು ಹಾರುಬೂದಿ ಬೆರೆಸಿದ ಕಾಂಕ್ರೀಟ್ ಪಂಪಿನಲ್ಲಿ ಚೆನ್ನಾಗಿ ಸಾಗುತ್ತದೆ. ಅದು ಕಲಬೆರಕೆ ಎಂಬ ಅನುಮಾನ ನಮ್ಮಲ್ಲಿ ಇನ್ನೂ ಇದೆ, ಬಿಡಬಹುದು.

ಮುಂದಿನ ಮಹಡಿಗೆ ಮೋಲ್ಡ್ ಹಾಕುವಾಗ ಪೈಪು ಮತ್ತೆ ಕಟ್ಟಿಕೊಂಡರೆ ಒತ್ತಡ ಏರಿಸಲು ಬಿಡಬೇಡಿ. ಪಂಪನ್ನು ಹಿಮ್ಮುಖವಾಗಿ ಕೆಲವು ಸಲ ಓಡಿಸಿದರೆ ಕಮಾನು ಸಡಿಲವಾಗುವುದುಂಟು. ಆಗದಿದ್ದರೆ ಪೈಪನ್ನು ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾರೆ. ಜಲ್ಲಿ ಬಿಗಿದ ಕಡೆ ದನಿ ಬೇರೆಯಾಗುತ್ತದೆ. ಕ್ಲ್ಯಾಂಪ್ ಬಿಚ್ಚುವ ಮೊದಲು ಪಂಪನ್ನು ಹಿಮ್ಮುಖ ಓಡಿಸಿ ಒತ್ತಡ ಪೂರ್ತಿ ಇಳಿದಿದೆ ಎಂದು ಖಚಿತ ಮಾಡಿಕೊಳ್ಳಲೇಬೇಕು. ಒತ್ತಡ ಉಳಿದ ಪೈಪಿನಿಂದ ಜಲ್ಲಿ ಬಂದೂಕಿನ ಗುಂಡಿನಂತೆ ಹೊರಬರುತ್ತದೆ. ನಿಮ್ಮ ಕೆಲಸದಲ್ಲಿ ಯಾರಿಗೂ ಏಟಾಗಲಿಲ್ಲ ಎಂದು ಪತ್ರದಿಂದ ತಿಳಿಯುತ್ತದೆ, ಅದು ಅದೃಷ್ಟ.

ನೀವು ಕೇಳದ ಒಂದು ಪ್ರಶ್ನೆ ಉಳಿದಿದೆ. ಮೊದಲು ಸುರಿದ ಆ ಬೂದು ನೀರು ತಾರಸಿಯಲ್ಲಿ ಎಲ್ಲಿ ಬಿತ್ತು? ಅದು ಜಲ್ಲಿಯನ್ನು ಹಿಂದೆ ಬಿಟ್ಟು ಬಂದ ಅತಿನೀರಿನ ಪೇಸ್ಟು. ಪೈಪು ಸರಿಪಡಿಸಿದ ಮೇಲೆ ಒಳ್ಳೆಯ ಕಾಂಕ್ರೀಟನ್ನು ಅದರ ಮೇಲೆಯೇ ಹರಡಿದ್ದರೆ ಆ ಮೂಲೆಯ ತಳ, ಕಂಬಿಗಳ ಸುತ್ತ, ಉಳಿದ ಕಡೆಗಿಂತ ದುರ್ಬಲವಾಗಿರುತ್ತದೆ. ಸಿಮೆಂಟ್ ಹಾಲನ್ನು ಬಿಟ್ಟಾಗಲೂ ಅದನ್ನು ಬಾಂಡ್ಲಿಯಲ್ಲಿ ಹಿಡಿದು ಆಚೆ ಚೆಲ್ಲುತ್ತಾರೆಯೇ ಹೊರತು ಮೋಲ್ಡಿಗೆ ಬೀಳಲು ಬಿಡುವುದಿಲ್ಲ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಕೆಳಗಿನಿಂದ ನೋಡಿ: ಒಂದು ಕಡೆ ಮಾತ್ರ ಬಣ್ಣ ತಿಳಿಯಾಗಿದ್ದು, ಮೊಳೆಯಿಂದ ಗೀಚಿದರೆ ಪುಡಿ ಉದುರಿದರೆ ಅದೇ ಜಾಗ. ಮೇಸ್ತ್ರಿಗೆ ಅದು ಯಾವ ಕೋಣೆಯ ಮೇಲೆ ಎಂದು ನೆನಪಿರುತ್ತದೆ. ಪ್ಲಾಸ್ಟರ್ ಮಾಡಿ ಮುಚ್ಚುವ ಮೊದಲು ಎಂಜಿನಿಯರನ್ನು ಕರೆಸಿ ಅಲ್ಲಿ ರಿಬೌಂಡ್ ಹ್ಯಾಮರಿನಿಂದ (ಕಾಂಕ್ರೀಟಿನ ಮೇಲೆ ಒತ್ತಿ ಅದರ ಗಟ್ಟಿತನ ಅಂದಾಜು ಮಾಡುವ ಉಪಕರಣ) ಪರೀಕ್ಷೆ ಮಾಡಿಸಿ.